ಹಿಟ್ಟಿನ ಮೂಟೆ ತೋರಿಸಿದವರು

2006ರ ನವೆಂಬರ್ 6, ಸೋಮವಾರ. ಬೆಳಿಗ್ಗೆ 6:52ಕ್ಕೆ ಅಮೆರಿಕದ ಶ್ಯಾಂಟಿಲಿ ಊರಿನ ಗ್ಯಾಸ್ ಸ್ಟೇಷನ್ನಿನ ಪೇ ಫೋನಿನಿಂದ 911 ತುರ್ತು ಸಂಖ್ಯೆಗೆ ಕರೆ ಬಂತು. ವಾಕಿಂಗ್ ಹೊರಟಿದ್ದ ವಯಸ್ಸಾದ ಗಂಡಸಿಗೆ ಕಾರು ಬಡಿದಿದೆ, ಎಡತೊಡೆಯ ಮೂಳೆ ಹೊರಬಂದಿದೆ, ಉಸಿರಿದೆ, ಕುತ್ತಿಗೆ ಅಲುಗಿಸದೆ ಎತ್ತಿ ಎಂದು ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು. ಹೆಸರು ಕೇಳುವಷ್ಟರಲ್ಲಿ ಫೋನಿಟ್ಟಳು.

ಡಿಟೆಕ್ಟಿವ್ ಶ್ರೀಕರ್ 7:20ಕ್ಕೆ ಸ್ಥಳ ತಲುಪಿದ. ಮೈಸೂರು ಮೂಲದ ವೈದ್ಯ ದಂಪತಿಯ ಮಗ, ಹುಟ್ಟಿ ಬೆಳೆದದ್ದೆಲ್ಲ ವರ್ಜೀನಿಯಾದಲ್ಲಿ. ಗಾಯಾಳು ಶಾಂತಾರಾಮ, 66, ನಿವೃತ್ತ ಇಂಜಿನಿಯರ್. ಮಹಜರಿನಲ್ಲಿ ಹೆಡ್‌ಲೈಟಿನ ಚೂರುಗಳು ದಾಖಲಾದವು. ಬ್ರೇಕ್ ಹಾಕಿದ ಗುರುತು ಇರಲಿಲ್ಲ. ಗಾಯಾಳುವಿನ ಕುತ್ತಿಗೆ ಅಲುಗದಂತೆ ಯಾರೋ ಹೆಂಗಸರ ಸ್ವೆಟರ್ ಮಡಚಿ ಒತ್ತಿಟ್ಟಿದ್ದರು. ಕರೆ ಮಾಡಿದವಳು ನರ್ಸ್ ಇರಬೇಕು ಅನ್ನಿಸಿತು ಶ್ರೀಕರ್‌ಗೆ.

10:30ಕ್ಕೆ ಐಸಿಯುವಿನ ಹೊರಗೆ ಶಾಂತಾರಾಮರ ಮಗಳು ನಿಕಿತಾಗೆ ಕರೆಯ ರೆಕಾರ್ಡಿಂಗ್ ಕೇಳಿಸಿದ.

"ಈ ವಾಯ್ಸ್ ಗೊತ್ತಾ?"

"ಸರೋಜಿನಿ ಆಂಟಿ ಥರ ಇದೆ. ಕುವೈತ್‌ನಲ್ಲಿ ನಮ್ಮ ನೇಬರ್. ಇಲ್ಲೂ ನರ್ಸ್."

"ಅಪ್ಪನ್ನ ಲಾಸ್ಟ್ ಯಾವಾಗ ಮೀಟ್ ಮಾಡಿದ್ರು?"

"ಸ್ಯಾಟರ್ಡೇ, ರಾಜ್ಯೋತ್ಸವದ ಪ್ರೋಗ್ರಾಮ್‌ನಲ್ಲಿ. ಅಪ್ಪ ಸ್ಪೀಚ್ ಕೊಡ್ತಿದ್ರು. ಆಂಟಿ ಅರ್ಧಕ್ಕೇ ಎದ್ದು ಹೋದ್ರು."

ಆ ಭಾಷಣದ ವಿಡಿಯೋವನ್ನು ಶ್ರೀಕರ್ ಮಧ್ಯಾಹ್ನ ನೋಡಿದ. 1990ರಲ್ಲಿ ಇರಾಕಿ ಸೈನ್ಯದ ಹಿಡಿತದಲ್ಲಿದ್ದ, ಕುವೈತಿನ ಅಹ್ಮದಿ ಎಂಬ ತೈಲಪಟ್ಟಣದ ಬದುಕನ್ನು ಶಾಂತಾರಾಮರು ವಿವರಿಸುತ್ತಿದ್ದರು. ಬ್ರೆಡ್ಡಿಗೆ ನಸುಕಿನಿಂದ ಸಾಲು, ಮನೆಮನೆ ತಪಾಸಣೆ. ಸೈನ್ಯಕ್ಕೆ ಡೀಸೆಲ್ ಸಿಗಬಾರದೆಂದು ರಿಫೈನರಿಯ ಎಲೆಕ್ಟ್ರಿಷಿಯನ್ ತ್ಯಾಗರಾಜ ಪಂಪುಗಳನ್ನು ನಡೆಸುವ ಕಂಟ್ರೋಲ್ ಕಾರ್ಡುಗಳನ್ನು ಕಿತ್ತು, ಆಸ್ಪತ್ರೆಯ ಅಡುಗೆಮನೆಯಲ್ಲಿ ಹಿಟ್ಟಿನ ಮೂಟೆಯೊಳಗೆ ಅಡಗಿಸಿದ್ದ.

"ಒಳ್ಳೆಯವನೇ. ಆದ್ರೆ ಏಟು ತಡೀಲಿಲ್ಲ ಪಾಪ, ಮೂಟೆ ತೋರಿಸಿಬಿಟ್ಟ," ಎಂದರು ಶಾಂತಾರಾಮ. ಸಭೆಯಲ್ಲಿ ಒಂದು ಕುರ್ಚಿ ಸರಿದ ಸದ್ದು ಕೇಳಿತು.

ತ್ಯಾಗರಾಜ ಸರೋಜಿನಿಯವರ ಗಂಡ.

ವಾರಂಟ್ 3:40ಕ್ಕೆ ಸಿಕ್ಕಿತು. ಸರೋಜಿನಿಯವರ ಗರಾಜಿನಲ್ಲಿದ್ದ ಕಾರಿನ ಬಲಗಡೆಯ ಹೆಡ್‌ಲೈಟ್ ಒಡೆದಿತ್ತು. ಚೂರುಗಳು ಹೊಂದಿದವು. ಐವತ್ತೊಂಬತ್ತರ ಸರೋಜಿನಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದರು. ಶ್ರೀಕರ್ ಅವರ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದ.

"ಲಾಯರ್ ಬೇಕಾ, ಆಂಟಿ?"

"ಬೇಡ. ಶಾಂತಾರಾಮ್ ಹೇಗಿದ್ದಾರೆ?"

"ಸೀರಿಯಸ್."

ಅವರು ಕುಳಿತುಕೊಂಡರು. "ಮೂಟೆ ತೋರಿಸಿದ್ದು ಶಾಂತಾರಾಮ್, ನಮ್ಮನೆಯವರಲ್ಲ. ಅಡಗಿಸಿದ್ದು ಅವರಿಗೂ ಗೊತ್ತಿತ್ತು. ಆಸ್ಪತ್ರೆ ಕಿಚನ್‌ನಲ್ಲಿ ನಾನೂ ಇದ್ದೆ. ಸೋಲ್ಜರ್ಸ್ ನಿಕಿತಾ ತಲೆಗೆ ಗನ್ ಇಟ್ಟಿದ್ರು. ಆರು ವರ್ಷದ ಮಗು. ನಾನಾಗಿದ್ರೂ ತೋರಿಸ್ತಿದ್ದೆ."

"ಮತ್ತೆ ಯಾಕೆ?"

"ಅದಕ್ಕೆ ಮುಂಚೆ ನಮ್ಮನೆಯವರನ್ನ ನಾಲ್ಕು ದಿನ ಹೊಡೆದಿದ್ರು. ಬಾಯಿ ಬಿಡ್ಲಿಲ್ಲ. ಬಾಡಿ ತೊಳೆದೋಳು ನಾನು, ಬೆರಳಲ್ಲಿ ಉಗುರಿರ್ಲಿಲ್ಲ. ಹದಿನಾರು ವರ್ಷ ಶಾಂತಾರಾಮ್‌ಗೆ ಒಂದು ಮಾತು ಅಂದಿಲ್ಲ. ನಿನ್ನೆ ಫೋನ್ ಮಾಡಿ, ಹೇಳಿದ್ದನ್ನ ತಿದ್ದಿ ಅಂದೆ. ಹಳೇದು, ಬಿಡಿ ಅಂದ್ರು. ಬೆಳಿಗ್ಗೆ ಇನ್ನೊಂದ್ಸಲ ಕೇಳೋಣಾಂತ ಅವರ ಮನೆಗೇ ಹೊರಟಿದ್ದೆ. ದಾರೀಲಿ ಕೈ ಬೀಸ್ಕೊಂಡು ಬರ್ತಿದ್ರು. ಬ್ರೇಕ್ ಒತ್ಲಿಲ್ಲ."

5:15ಕ್ಕೆ ಬಂಧನ ದಾಖಲಾಯಿತು.

ಬುಧವಾರ ಶಾಂತಾರಾಮರಿಗೆ ಪ್ರಜ್ಞೆ ಬಂತು. ಯಾವ ಕಾರೋ ನೋಡಲಿಲ್ಲ ಎಂದರು. ಶ್ರೀಕರ್ ಏಳುವಷ್ಟರಲ್ಲಿ ಅವನ ತೋಳು ಹಿಡಿದರು.

"ತೋರಿಸಿದ್ದು ನಾನು. ಬರ್ಕೊಳ್ಳಿ."

ಮರುದಿನ ಅವರು ತೀರಿಕೊಂಡರು. ಆರೋಪ ಕೊಲೆಗೆ ಬದಲಾಯಿತು. ತಂದೆಯ ಹೇಳಿಕೆ ಓದಿದ ನಿಕಿತಾ, ತನಗೆ ಗನ್ ನೆನಪಿಲ್ಲ, ಹಿಟ್ಟು ಮೈಮೇಲೆ ಚೆಲ್ಲಿದ್ದಷ್ಟೇ ನೆನಪು ಎಂದಳು.

ವರದಿಯಲ್ಲಿ ಕಾರಣ ಬರೆಯಬೇಕಾದ ಜಾಗದಲ್ಲಿ ಶ್ರೀಕರ್ ಒಂದೇ ಸಾಲು ಬರೆದ: ಸತ್ತ ಗಂಡನ ಮೇಲೆ ಬಂದ ಸುಳ್ಳನ್ನು ತಿದ್ದುವಂತೆ ಆರೋಪಿ ಮೊದಲು ಕೇಳಿಕೊಂಡಿದ್ದರು.