ಗೆರೆಗಿಳಿಯದ ಬೆಳಕು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮಾವನ ಹಳೇ ಜೀಪಿನ ಮಂಕು ಹೆಡ್‌ಲೈಟ್ ಕಿತ್ತು ಎಲ್‌ಇಡಿ ಹಾಕಿಸಿದ ಸಂಜೆ ನಡೆದದ್ದಿದು. ನಾನು ಸ್ಟಿಯರಿಂಗ್ ಹಿಂದೆ ಕೂತಿದ್ದೆ. ಬೆಳಕಿನ ಎತ್ತರ ಹೊಂದಿಸಲು ಎಲೆಕ್ಟ್ರಿಷಿಯನ್ ಎದುರಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

“ಹಿಂದೆ ಯಾರನ್ನೂ ಹತ್ತಿಸ್ಬೇಡಿ ಸಾರ್. ಭಾರ ಬಿದ್ರೆ ಬೆಳಕು ಗೆರೆ ದಾಟಿ ಮೇಲೆ ಹೋಗುತ್ತೆ.”

ಅವನು ಪಕ್ಕದಿಂದ ಬಗ್ಗಿ ದೀಪದ ತಿರುಪು ತಿರುಗಿಸಿದ. ಬೆಳಕು ಗೆರೆಗೆ ಸರಿಯಾಗಿ ಕೂತಿತು. ಆಗ ಗೋಡೆಯ ಮೇಲೆ ಮನುಷ್ಯನ ನೆರಳು ಬಿತ್ತು. ದೀಪಕ್ಕೂ ಗೋಡೆಗೂ ನಡುವೆ ಯಾರೂ ಇರಲಿಲ್ಲ. ದೀಪದ ಹತ್ತಿರ ನಡೆದು ಬರುವವರ ನೆರಳಿನಂತೆ ಅದು ದೊಡ್ಡದಾಗುತ್ತಾ ಬಂತು. ನೆರಳು ಗೋಡೆಯನ್ನೆಲ್ಲ ತುಂಬಿ, ಥಟ್ಟನೆ ಇಲ್ಲವಾಯಿತು. ನನ್ನ ಬಲಗಿವಿಯ ಪಕ್ಕ ತಣ್ಣಗೆ ಏನೋ ಹಾದುಹೋಯಿತು. ಹಿಂದಿನ ಸೀಟು ಕಿರ್ರೆಂದಿತು.

“ಹತ್ತಿಸ್ಬೇಡಿ ಅಂದ್ನಲ್ಲ!” ತಲೆಯೆತ್ತಿ ಗೋಡೆ ನೋಡಿದ ಎಲೆಕ್ಟ್ರಿಷಿಯನ್ ರೇಗಿದ. ಬೆಳಕು ಗೆರೆಯಿಂದ ಗೇಣುದ್ದ ಮೇಲಿತ್ತು.

ಆಮೇಲೆ ಎಷ್ಟೋ ಸಲ ಒಬ್ಬನೇ ಕೂತು ದೀಪ ಹಾಕಿ ನೋಡಿದ್ದೇನೆ. ಬೆಳಕು ಇವತ್ತಿಗೂ ಗೆರೆಗೆ ಇಳಿದಿಲ್ಲ.