ಗುರುವಾರ ಎಂದು ಬರೆದವಳು

ಭಾನುವಾರ ರಾತ್ರಿ ಒಂದೂವರೆಗೆ ಒಂದು ಸಣ್ಣ ಶಬ್ದ ಕೇಳಿಸಿತು. ಒದ್ದೆ ಬಟ್ಟೆಯನ್ನು ಗೋಡೆಗೆ ಬಡಿದಂತೆ, ಒಂದೇ ಸಲ.

ಮಾತ್ರೆಗಳ ಟ್ರೇ ಜೋಡಿಸುತ್ತಿದ್ದ ನರ್ಸ್ ತಲೆಯೆತ್ತಿದಳು. ಆ ವೃದ್ಧರ ಆರೈಕೆ ಮನೆಯ ರಾತ್ರಿಯ ಸದ್ದುಗಳೆಲ್ಲ ಅವಳಿಗೆ ಪರಿಚಿತ. ಕೆಮ್ಮು, ಮಂಚದ ಕಿರುಗುಟ್ಟುವಿಕೆ, ನಿದ್ದೆಯಲ್ಲಿ ಯಾರನ್ನೋ ಕರೆಯುವ ದನಿ. ಇದು ಅವುಗಳಲ್ಲಿ ಯಾವುದೂ ಅಲ್ಲ.

ಹನ್ನೊಂದನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೊಡ್ಡಕ್ಕ ಹಾಸಿಗೆಯ ಚಾದರ ಎಳೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಇಲ್ಲಿರುವ ಆಯಾ, ಎಲ್ಲರಿಗೂ ದೊಡ್ಡಕ್ಕ. ಮಂಚದ ಮೇಲೆ ಹನ್ನೊಂದರ ಅಮ್ಮ. ಪಾರ್ಶ್ವವಾಯು ಹೊಡೆದು ಮಾತು ಹೋದವರು. ಅವರ ಎಡಗೆನ್ನೆ ಕೆಂಪಾಗಿತ್ತು. ಬಾಗಿಲಲ್ಲಿ ನಿಂತವಳನ್ನು ಅವರು ನೇರವಾಗಿ ನೋಡಿದರು.

"ಇದು ಮೂರನೇ ಸಲ ಕಣೇ ಚಾದರ ಬದ್ಲಾಯಿಸ್ತಿರೋದು," ಎಂದಳು ದೊಡ್ಡಕ್ಕ. "ಏನಿಲ್ಲ, ಸೊಳ್ಳೆ ಹೊಡೆದೆ. ನೀನು ಹೋಗಿ ಟೀ ಕುಡಿ."

ಅವಳು ಹೋಗಿ ಟೀ ಕುಡಿದಳು.

ಸಿಬ್ಬಂದಿ ಕೋಣೆಯಲ್ಲಿ, ಕೆಟಲ್ಲಿನ ಮೇಲ್ಗಡೆ, ಕಾನೂನಿನ ಹಾಳೆ ಅಂಟಿಸಿತ್ತು. ನಿವಾಸಿಗಳ ಮೇಲೆ ದೌರ್ಜನ್ಯ ನಡೆದಿದೆಯೆಂಬ ಅನುಮಾನ ಬಂದರೂ ಸಾಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಇಲಾಖೆಗೆ ಬರೆದು ತಿಳಿಸಬೇಕು, ತಿಳಿಸದಿರುವುದೂ ಅಪರಾಧ. ಕೆಲಸಕ್ಕೆ ಸೇರಿದ ದಿನ ಅವಳು ಇದಕ್ಕೆ ಸಹಿ ಹಾಕಿದ್ದಳು. ಕೆಳಗೆ ಇನ್ನೊಂದು ಸಾಲು: ದೂರು ಬಂದ ದಿನವೇ ಆ ನಿವಾಸಿಯನ್ನು ಬೇರೆ ಆರೈಕೆ ಮನೆಗೆ ಕಳುಹಿಸಲಾಗುವುದು.

ಆ ಸಾಲನ್ನು ಅವಳು ಎರಡು ಸಲ ಓದಿದಳು. ಹನ್ನೊಂದರ ಅಮ್ಮನಿಗೆ ಒಬ್ಬ ಮಗನಿದ್ದ.

ಅವನದು ಕನ್ನಡಕದ ಅಂಗಡಿ. ದಿನಾ ಸಂಜೆ ಆರಕ್ಕೆ ಬರುತ್ತಿದ್ದ. ಅವಳ ಡ್ಯೂಟಿ ಎಂಟಕ್ಕೆ. ಆದರೂ ಆರಕ್ಕೇ ಬಂದುಬಿಡುತ್ತಿದ್ದಳು.

"ಇವತ್ತೂ ಬೇಗ ಬಂದ್ರಾ ಸಿಸ್ಟರ್?" ಎಂದ ಸೋಮವಾರ.

"ಬಸ್ ಬೇಗ ಸಿಕ್ತು."

"ಒಂದು ತಿಂಗಳಿಂದ ಆ ಬಸ್ಸಿಗೆ ಅದೇನು ಅವಸರವೋ!" ಅವನು ಕೈ ಚಾಚಿದ. "ಕನ್ನಡಕ ಕೊಡಿ ಇಲ್ಲಿ. ಯೂನಿಫಾರ್ಮಲ್ಲೇ ಒರೆಸ್ತೀರಾ ಅಲ್ವಾ? ನೋಡಿ, ಎಷ್ಟು ಗೀರು."

ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಒರೆಸಿ, ಬೆಳಕಿಗೆ ಹಿಡಿದು ನೋಡಿ, ತಾನೇ ಅವಳಿಗೆ ತೊಡಿಸಿದ. ಬೆರಳು ಅವಳ ಕಿವಿಯ ಹಿಂದೆ ಕ್ಷಣ ಹೊತ್ತು ನಿಂತಿತು. ಮಸುಕಾಗಿದ್ದ ಅವನ ಮುಖ ಸ್ಪಷ್ಟವಾಯಿತು. ಇಷ್ಟು ಹತ್ತಿರವಿದೆಯೆಂದು ಅವಳು ಎಣಿಸಿರಲಿಲ್ಲ.

"ಸಿಸ್ಟರ್ ಅಂತ ಕರೆಯೋದು ನಂಗೆ ದಿನೇ ದಿನೇ ಕಷ್ಟ ಆಗ್ತಿದೆ," ಎಂದ ಮೆಲ್ಲಗೆ. "ಬೇರೆ ಏನಾದ್ರೂ ಇದ್ರೆ ಹೇಳಿ."

"ಯೋಚನೆ ಮಾಡಿ ಹೇಳ್ತೀನಿ."

ಅವನು ನಗುತ್ತಾ ತಾಯಿಯ ಕಡೆ ತಿರುಗಿದ. ನಗು ನಿಂತಿತು. "ಅಮ್ಮನ ಕೆನ್ನೆ ಮೇಲೆ ಇದೇನು?"

ಅವಳು ಒಂದೊಂದು ಪದವನ್ನೂ ತೂಗಿ ಆಡುವವಳು. ಅಂದು ಮಾತು ತಾನಾಗಿ ಬಂತು. "ದಿಂಬಿನ ಗುರುತು ಇರ್ಬೇಕು."

"ಸದ್ಯ. ನೀವಿದ್ದೀರಲ್ಲ, ಅದಕ್ಕೇ ನಂಗೆ ರಾತ್ರಿ ನಿದ್ದೆ ಬರುತ್ತೆ."

ಆ ರಾತ್ರಿ, ಮರುದಿನ ರಾತ್ರಿ, ಅರ್ಧ ಗಂಟೆಗೊಮ್ಮೆ ಅವಳು ಹನ್ನೊಂದನೆಯ ಕೋಣೆಗೆ ಇಣುಕಿದಳು. ಏನೂ ಆಗಲಿಲ್ಲ. ತಾನು ಕಾಯುತ್ತಿದ್ದೇನಲ್ಲ, ಅಷ್ಟು ಸಾಕು ಎಂದುಕೊಂಡಳು. ಇಪ್ಪತ್ತನಾಲ್ಕು ಗಂಟೆ ಕಳೆಯಿತು, ಮತ್ತೆ ಇಪ್ಪತ್ತನಾಲ್ಕು. ಈಗ ಬರೆದರೆ ಇಷ್ಟು ದಿನ ಏಕೆ ಬರೆಯಲಿಲ್ಲವೆಂದೂ ಬರೆಯಬೇಕಿತ್ತು.

ಬುಧವಾರ ಅವಳಿಗೆ ರಜೆ.

ಗುರುವಾರ ಆರಕ್ಕೆ ಬಂದಾಗ ಹನ್ನೊಂದರ ಅಮ್ಮನ ಬಲಗೈಗೆ ಟವೆಲ್ ಸುತ್ತಿತ್ತು. ಬಿಚ್ಚಿದರೆ, ಮಣಿಕಟ್ಟು ಊದಿ ಕಪ್ಪಾಗಿತ್ತು. ಮುಂಗೈ ಮೇಲೆ ನಾಲ್ಕು ಬೆರಳುಗಳ ಗುರುತು.

"ತಾವಾಗೇ ಬಿದ್ದಿದ್ದು," ಎಂದಳು ದೊಡ್ಡಕ್ಕ.

ಅವಳು ಡಾಕ್ಟರನ್ನು ಕರೆಸಿದಳು. ಆಮೇಲೆ ಫಾರಂ ತೆಗೆದಳು. ನೋಡಿದ್ದನ್ನು ನೋಡಿದಂತೆ ಬರೆದಳು. ನಾಲ್ಕನೆಯ ಪ್ರಶ್ನೆ: ನಿಮಗೆ ಮೊದಲು ಯಾವಾಗ ಅನುಮಾನ ಬಂದಿತು? ಅಲ್ಲಿ ಪೆನ್ನು ನಿಂತಿತು. ಗುರುವಾರ, ಸಂಜೆ ಆರು ಗಂಟೆ ಎಂದು ಬರೆದಳು.

ವಿಚಾರಣೆಯಲ್ಲಿ ದೊಡ್ಡಕ್ಕ ಭಾನುವಾರದ ಸುದ್ದಿಯೆತ್ತಲಿಲ್ಲ. ಎತ್ತಿದ್ದರೆ ತನ್ನ ತಪ್ಪಿಗೇ ಇನ್ನೊಂದು ಸೇರುತ್ತಿತ್ತು. ಕೆಲಸ ಹೋದ ದಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು.

"ಅವತ್ತಿನ ಟೀ ಚೆನ್ನಾಗಿತ್ತೇನೇ?" ಎಂದಳು. ಉತ್ತರಕ್ಕೆ ಕಾಯದೆ ಹೋದಳು.

ಹನ್ನೊಂದರ ಅಮ್ಮನನ್ನು ಊರಿನ ಇನ್ನೊಂದು ತುದಿಯ ಆರೈಕೆ ಮನೆಗೆ ಕಳುಹಿಸಿದರು. ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಈಗ ಅವಳ ಬಸ್ ಸ್ಟಾಪಿಗೆ ಬರುತ್ತಿದ್ದ. ಒಂದು ಭಾನುವಾರ ತಾಯಿಯನ್ನು ನೋಡಲು ಕರೆದೊಯ್ದ. ಅವಳನ್ನು ಕಂಡದ್ದೇ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಬೇಜಾರು ಮಾಡ್ಕೋಬೇಡಿ," ಎಂದ ಅವನು. "ನರ್ಸ್ ಅಂದ್ರೆ ಸಾಕು, ಈಗ ಹೆದರ್ತಾರೆ. ನಿನ್ನ ಕಾಪಾಡಿದ್ದು ಇವರೇ ಕಣಮ್ಮಾ ಅಂತ ದಿನಾ ಹೇಳ್ತೀನಿ."

ಅವಳು ಗೋಡೆಗೆ ತಿರುಗಿದ ಆ ತಲೆಯನ್ನು ನೋಡುತ್ತಾ ನಿಂತಳು. ಹೇಳಿಬಿಡಬೇಕು ಎನಿಸಿತು. ನಾಲ್ಕು ದಿನ ವಾಕ್ಯ ಕಟ್ಟಿದಳು, ಒಡೆದಳು, ಮತ್ತೆ ಕಟ್ಟಿದಳು. ಐದನೆಯ ಸಂಜೆ, 'ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು' ಎಂದು ಫೋನ್ ಮಾಡಿ ಅಂಗಡಿಗೆ ಹೋದಳು.

ಅವನು ಶಟರ್ ಅರ್ಧ ಎಳೆದ. ಗೋಡೆ ತುಂಬ ಖಾಲಿ ಫ್ರೇಮುಗಳು.

"ಅಮ್ಮನ ಕೈ ಇನ್ನು ಸರಿಹೋಗಲ್ವಂತೆ," ಎಂದ. "ಅಲ್ಲಿ ಅಷ್ಟು ಜನ ಇದ್ರು. ಯಾರಿಗಾದ್ರೂ ಮೊದಲೇ ಗೊತ್ತಿದ್ದಿರಬೇಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರು ಕಣ್ಣೆದುರು ಬಂದ್ರೆ ನಾನೇನ್ ಮಾಡ್ತೀನೋ ನಂಗೇ ಗೊತ್ತಿಲ್ಲ." ಅವನು ಅವಳ ಕಡೆ ತಿರುಗಿದ. "ನೀವೊಬ್ಬರು ಇರದೇ ಇದ್ರೆ..."

ಅವಳು ಗೋಡೆಯ ಫ್ರೇಮುಗಳ ಕಡೆ ನೋಡಿದಳು.

"ಅಯ್ಯೋ, ನಾನೇ ಮಾತಾಡ್ತಿದ್ದೀನಿ," ಎಂದು ಕಣ್ಣೊರೆಸಿಕೊಂಡ. "ನನ್ನದೊಂದು ಮಾತು ಮುಗಿಸಿಬಿಡ್ತೀನಿ. ನಂಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನನ್ನ ಮದುವೆ ಆಗ್ತೀರಾ?" ಅವನು ಅವಳನ್ನೇ ನೋಡಿದ. ದಿನವಿಡೀ ಜನರ ಕಣ್ಣು ಪರೀಕ್ಷಿಸುವವನು, ಅವಳ ಕಣ್ಣಲ್ಲಿ ಏನನ್ನೂ ಹುಡುಕಲಿಲ್ಲ. "ಸರಿ, ಈಗ ನಿಮ್ಮ ಸರದಿ. ಏನೋ ಹೇಳ್ಬೇಕು ಅಂದ್ರಲ್ಲ?"

ಹೊರಗೆ ಯಾರೋ ಶಟರ್ ಕೆಳಗಿಂದ ಬಗ್ಗಿ ನೋಡಿ, ಮುಚ್ಚಿದೆಯೆಂದು ಹೊರಟುಹೋದರು.

"ಏನಿಲ್ಲ," ಎಂದಳು. "ಹೂಂ ಅಂತ ಹೇಳೋಣ ಅಂತ ಬಂದೆ."

"ನಾನು ಕೇಳೋಕೆ ಮೊದಲೇ?"

"ನೀವು ತುಂಬಾ ತಡ ಮಾಡ್ತಿದ್ರಿ."

ಅವನು ಗಟ್ಟಿಯಾಗಿ ನಕ್ಕು ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಅವನ ಅಂಗೈ ಬೆಚ್ಚಗಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದಳು. ಇವನಿಗೆ, ತನ್ನ ಅಕ್ಕನಿಗೆ, ನಾಳೆ ಹುಟ್ಟಬಹುದಾದ ಮಕ್ಕಳಿಗೂ. ಅತ್ತೆಗೆ ಮಾತ್ರ ಹೇಳಬೇಕಾದ್ದೇ ಇರಲಿಲ್ಲ.