ದೂಮಾಚಾರಿ ಒಡೆದ ಹಡಗುಗಳು

ಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲಂಚಿನಲ್ಲಿ ತೆರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಏಳು ಯುದ್ಧದ ಹಡಗುಗಳಿದ್ದವು. ಆ ಏಳು ಹಡಗುಗಳಿಗೂ ಸೇರಿ ಒಬ್ಬನೇ ಒಬ್ಬ ದೊಡ್ಡ ಬಡಗಿಯಿದ್ದ. ಅವನ ಹೆಸರು ದೂಮಾಚಾರಿ. ನಮ್ಮ ಕತೆ ಶುರುವಾಗುವ ಹೊತ್ತಿಗೆ ಅವನಿಗೆ ಅರವತ್ತು ತುಂಬಿತ್ತು, ಮತ್ತು ಅವನು ಬಹಳ ದಣಿದಿದ್ದ.

ಹಡಗುಗಳನ್ನು ಕಟ್ಟಿಸಿದವನು ಅರಸನ ಮುತ್ತಜ್ಜ. ಮಾತಾಡುವ ಮರದಿಂದ ಕಟ್ಟಿಸಿದ್ದ. ಹಲಗೆಗೆ ಕಿವಿಯಿಟ್ಟರೆ ಹಡಗು ಮಾತಾಡುತ್ತಿತ್ತು. ಹರೆಯದಲ್ಲಿ ಅವು ಗೆದ್ದ ಯುದ್ಧಗಳನ್ನೇ ಹೇಳಿಕೊಳ್ಳುತ್ತಿದ್ದವಂತೆ. ಈಗ ಒಂದಕ್ಕೆ ಸೊಂಟ ನೋವು, ಇನ್ನೊಂದಕ್ಕೆ ಪಕ್ಕೆ ಹಿಡಿತ, ಮತ್ತೊಂದಕ್ಕೆ ನೀರಿಗಿಳಿದರೆ ಮೈಯೆಲ್ಲ ನಡುಕ. ನೂರ ಹತ್ತು ವರ್ಷದ ಹಡಗು ಇನ್ನೇನು ಮಾತಾಡೀತು ಹೇಳಿ?

ಆ ನಾಡಿನಲ್ಲಿ ಒಂದು ಪದ್ಧತಿಯಿತ್ತು. ಮಳೆಗಾಲ ಮುಗಿದು ಕಡಲು ತೆರೆದಾಗ, ದೊಡ್ಡ ಬಡಗಿ ಒಂದೊಂದು ಹಡಗಿನ ಅಡಿಯುದ್ದಕ್ಕೂ ಹಾಯುವ ಬೆನ್ನುಮರಕ್ಕೂ ಕೊಡತಿಯಿಂದ ಮೂರು ಪೆಟ್ಟು ಹೊಡೆದು "ಈ ವರ್ಷಕ್ಕೆ ಆದೀತು" ಎನ್ನಬೇಕು. ಅವನು ಹಾಗೆನ್ನದೆ ಅರಸನೇ ಬಂದು ಎಳೆದರೂ ಲಂಗರು ಮೇಲೇಳುತ್ತಿರಲಿಲ್ಲ. ದೂಮಾಚಾರಿ ಮೂವತ್ತೊಂದು ವರ್ಷ ಆ ಮಾತು ಹೇಳಿದ್ದ. ಕೊಳೆತ ಹಲಗೆ ಕೀಳುತ್ತಿದ್ದ, ಹೊಸದನ್ನು ಕೂರಿಸುತ್ತಿದ್ದ, ಸಂದಿಗೆ ತೆಂಗಿನ ನಾರು ತುರುಕಿ ರಾಳ ಬಳಿಯುತ್ತಿದ್ದ. ಅವನು ಹಾಕಿದ ತೇಪೆಯನ್ನು ಅವನೇ ಹುಡುಕಬೇಕು, ಅಂಥ ಕೈ ಅವನದು.

ಆಚೆ ದ್ವೀಪದಲ್ಲಿ ಉಪ್ಪುಗಣ್ಣ ಎಂಬ ಮಾಂತ್ರಿಕನಿದ್ದ. ಅವನು ವರ್ಷಕ್ಕೊಮ್ಮೆ ನೂರ್ಬಾಯಿ ಎಂಬ ಪ್ರಾಣಿಯನ್ನು ತೆರೆನಾಡಿನ ಮೇಲೆ ಬಿಡುತ್ತಿದ್ದ. ಅದು ತೆಂಗಿನ ತೋಪಿನಷ್ಟು ಉದ್ದದ ಹಾವುಮೀನು. ಬಾಯಿ ನೂರು, ಕಣ್ಣು ಒಂದೂ ಇಲ್ಲ. ಏಳು ಹಡಗುಗಳು ಏಳು ಅಳಿವೆಗಳಲ್ಲಿ ನಿಂತು ಅದನ್ನು ಅಟ್ಟದಿದ್ದರೆ ಅದು ಹೊಳೆಯೊಳಗೆ ನುಗ್ಗಿ ಊರೂರನ್ನೇ ನುಂಗುತ್ತಿತ್ತು. ಏಳರಲ್ಲಿ ಗಂಗವ್ವ ಎಂಬ ಹಡಗಿಗೆ ತಾಂಡೇಲಳು, ಎಂದರೆ ಹಡಗು ನಡೆಸುವ ಯಜಮಾನಿ, ದೂಮಾಚಾರಿಯ ಮಗಳು ಅಕ್ಕಣಿ. ಅವನಿಗೆ ಇದ್ದವಳು ಅವಳೊಬ್ಬಳೇ. ಅವನು "ಆದೀತು" ಎಂದೊಡನೆ ಅವಳು ಹಡಗು ಹತ್ತುತ್ತಿದ್ದಳು. ಅವಳು ಮರಳುವವರೆಗೆ ಅವನು ಹಡಗುಕಟ್ಟೆ ಬಿಟ್ಟು ಮನೆಗೆ ಹೋಗುತ್ತಿರಲಿಲ್ಲ.

ಹಡಗುಗಳು ಮುದಿಯಾಗಿವೆ ಎಂಬುದು ಅರಮನೆಗೆ ಗೊತ್ತಿರಲಿಲ್ಲವೆಂದಲ್ಲ. ಹತ್ತೊಂಬತ್ತು ವರ್ಷಗಳಿಂದ ಅದೇ ಚರ್ಚೆ. ಏನು ಮಾಡಬೇಕು? ಸಭೆ ಸೇರುವುದು, ತಾಂಬೂಲ ಮೆಲ್ಲುವುದು, ಮುಂದಿನ ಸಭೆಗೆ ದಿನ ನೋಡುವುದು. ಕೊನೆಗೆ ಅರಸನಿಗೇ ಬೇಸರ ಬಂದು, "ಒಬ್ಬೊಬ್ಬರ ಮಾತನ್ನು ಒಂದೊಂದು ವರ್ಷ ಕೇಳುತ್ತೇನೆ" ಎಂದ.

ಮೊದಲ ವರ್ಷ ಹಿರಿಯ ಮಂತ್ರಿಯ ಸರದಿ. "ಹಡಗು ಕಂಡರೇ ವೈರಿ ನಡುಗಬೇಕು ಮಹಾಪ್ರಭು, ಬಣ್ಣ ಬಳಿಸಿ" ಎಂದ ಮಂತ್ರಿ. ಏಳಕ್ಕೂ ಕೆಂಪು ಬಣ್ಣ, ಮೂಗಿಗೆ ಚಿನ್ನದ ರೇಕು. ದೂಮಾಚಾರಿ ಮೂರು ಪೆಟ್ಟು ಹೊಡೆದು "ಈ ವರ್ಷಕ್ಕೆ ಆದೀತು" ಎಂದ. ಕಣ್ಣಿಲ್ಲದ ನೂರ್ಬಾಯಿಗೆ ಕೆಂಪಾದರೇನು, ಹಸಿರಾದರೇನು? ಅದು ತಡವಿ ತಡವಿ, ಹಳೇ ಮರಕ್ಕೂ ಹೊಸ ಮರಕ್ಕೂ ಕೂಡುವ ಸಂದಿಗೇ ಹಲ್ಲು ಹಾಕಿತು. ಅಟ್ಟುವುದನ್ನೇನೋ ಅಟ್ಟಿದರು, ಆದರೆ ನಾಲ್ಕು ಮಂದಿ ಮರಳಲಿಲ್ಲ.

ಎರಡನೆಯ ವರ್ಷ ದಳವಾಯಿಯ ಸರದಿ. "ಬಣ್ಣದಿಂದ ಯುದ್ಧವಾಗುತ್ತದೆಯೆ? ಆಯುಧ ಬೇಕು" ಎಂದು ಅವನು ದೂರದೇಶದಿಂದ ನಾಲ್ಕು ಕಂಚಿನ ಯಾಳಿಗಳನ್ನು ತರಿಸಿದ. ಅವು ದೇವಸ್ಥಾನದ ಕಂಬಗಳಲ್ಲಿರುವ ಸೊಂಡಿಲ ಸಿಂಹಗಳಂಥವೇ, ಆದರೆ ಉಸಿರಾಡುವ ಯಾಳಿಗಳು, ಗರ್ಜಿಸಿದರೆ ಬೆಂಕಿ ಕಾರುವಂಥವು. ಒಂದನ್ನು ಭದ್ರಗಿರಿ ಎಂಬ ಹಡಗಿನ ಮೇಲೆ ಏರಿಸಿದರು.

"ಯಾಳಿ ಚಂದ ಉಂಟು ದಳವಾಯಿಗಳೇ, ಆದ್ರೆ ಅದನ್ನು ಹೊರುವ ಬೆನ್ನು ಎಲ್ಲುಂಟು?" ಎಂದ ದೂಮಾಚಾರಿ.

"ನೀನಿದ್ದೀಯಲ್ಲಯ್ಯ, ಏನಾದರೂ ಮಾಡು" ಎಂದ ದಳವಾಯಿ.

ದೂಮಾಚಾರಿ ಏನಾದರೂ ಮಾಡಿದ. ಒಳಗೆ ಊರುಗಂಬ ಕೊಟ್ಟ, ಕಬ್ಬಿಣದ ಪಟ್ಟಿ ಬಿಗಿದ, ಮೂರು ಪೆಟ್ಟು ಹೊಡೆದು "ಈ ವರ್ಷಕ್ಕೆ ಆದೀತು" ಎಂದ. ಯಾಳಿ ಒಂದೇ ಸಲ ಗರ್ಜಿಸಿತು. ನೂರ್ಬಾಯಿಯ ಮೂರು ಬಾಯಿ ಸುಟ್ಟುಹೋಗಿ, ಅದು ಆ ವರ್ಷಕ್ಕೆ ಹಿಂದೆ ಸರಿಯಿತು. ಅದೇ ಗರ್ಜನೆಗೆ ಭದ್ರಗಿರಿಯ ಬೆನ್ನುಮರ ನಡುವೆ ಮುರಿದು, ಯಾಳಿಯೂ ಮೂವತ್ತೆರಡು ಮಂದಿಯೂ ಕಡಲಿನ ಪಾಲಾದರು. ಉಳಿದ ಮೂರು ಯಾಳಿಗಳು ದಡದ ಮೇಲೆ ಆಕಳಿಸುತ್ತ ಕೂತವು.

ಮೂರನೆಯ ವರ್ಷ ಅರಮನೆಯ ಶಾನುಭೋಗನ ಸರದಿ. ಅವನಿಗೆ ಬೇರೆಯದೇ ಚಿಂತೆ. "ಮುತ್ತಜ್ಜನವರ ಶಾಸನದಲ್ಲಿ ಏಳು ಹಡಗು ಎಂದಿದೆ, ಈಗ ಆರೇ ಇವೆ. ಮೊದಲು ಏಳಾಗಲಿ ಸ್ವಾಮಿ!" ಎಂದು ಒಂದು ಉಪ್ಪು ಸಾಗಿಸುವ ದೋಣಿಯನ್ನು ಹಿಡಿದು ತರಿಸಿದ. ಅದಕ್ಕೆ ಪಟಗಂಬ ನೆಟ್ಟು, ಭದ್ರಗಿರಿ ಎಂದು ಹೆಸರಿಟ್ಟ. ಏಳಾಯಿತು, ಶಾನುಭೋಗನಿಗೆ ನೆಮ್ಮದಿಯಾಯಿತು. ದೂಮಾಚಾರಿ ಏಳನ್ನೂ ಬಡಿದು "ಈ ವರ್ಷಕ್ಕೆ ಆದೀತು" ಎಂದ. ಆ ಸಲ ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ನೂರ್ಬಾಯಿ ಮಗ್ಗುಲು ಬದಲಿಸಿದ ಅಲೆಗೇ ಆ ದೋಣಿ ಮಗುಚಿತು. ಬಿದ್ದವರನ್ನು ಎತ್ತಿಕೊಳ್ಳಲು ಪಕ್ಕದ ಅಳಿವೆಯಲ್ಲಿದ್ದ ಅಕ್ಕಣಿ ಗಂಗವ್ವನನ್ನು ತಿರುಗಿಸಿದಳು. ತಿರುಗಿದ ಪಕ್ಕೆಗೆ ನೂರ್ಬಾಯಿ ಹಲ್ಲು ಹಾಕಿತು. ಉಳಿದ ಹಡಗುಗಳು ಅದನ್ನು ಅಟ್ಟುವಷ್ಟರಲ್ಲಿ, ಅರ್ಧ ನೀರು ತುಂಬಿದ ಹಡಗನ್ನು ಅವಳು ಹೇಗೋ ದಡ ಮುಟ್ಟಿಸಿದಳು. ಹನ್ನೊಂದು ಮಂದಿ ಮರಳಲಿಲ್ಲ, ಅಕ್ಕಣಿಯ ಎಡಗೈಯ ಎರಡು ಬೆರಳುಗಳೂ ಮರಳಲಿಲ್ಲ.

ಕೈಗೆ ಬಟ್ಟೆ ಸುತ್ತಿಕೊಂಡು ಅವಳು ಹಡಗುಕಟ್ಟೆಯಲ್ಲಿ ಅಪ್ಪನ ಪಕ್ಕ ಕೂತಳು. "ಅಪ್ಪಯ್ಯ, ಬರುವ ವರ್ಷಕ್ಕೂ ಇದು ಆದೀತಾ?" ಎಂದು ಕೇಳಿದಳು.

ಅವಳು ಚುಚ್ಚಿ ಕೇಳಿದ್ದಲ್ಲ. ಗಂಜಿ ಆಯಿತಾ ಎಂದು ಕೇಳುವ ಹಾಗೆ ಕೇಳಿದ್ದಳು. ದೂಮಾಚಾರಿ ತನ್ನ ಕೈ ನೋಡಿಕೊಂಡ. ಅವನಿಗೆ ತಿಳಿಯದಂತೆಯೇ ಅವನ ಬೆರಳುಗಳು ತೆಂಗಿನ ನಾರನ್ನು ಹೊಸೆಯತೊಡಗಿದ್ದವು. ಮಗಳ ರಕ್ತ ಇನ್ನೂ ಆರಿಲ್ಲ, ಈ ಕೈ ಆಗಲೇ ತೇಪೆಗೆ ಸಿದ್ಧವಾಗಿದೆ! ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನಾರನ್ನು ಕೆಳಗಿಟ್ಟು, ಎದ್ದು ಹೋಗಿ ಗಂಗವ್ವನ ಪಕ್ಕೆಗೆ ಕಿವಿಯಿಟ್ಟ.

"ದೂಮ, ಇದರಲ್ಲಿ ನಾನು ಯಾವುದು, ನಿನ್ನ ತೇಪೆ ಯಾವುದು ಅಂತ ನನಗೇ ಗೊತ್ತಾಗುದಿಲ್ಲ ಈಗ. ನನ್ನ ಹಳೇ ಹಲಗೆ ನಲವತ್ತು ಉಳಿದಿದೆ. ಅವು ಕಲ್ಲಿನ ಹಾಗೆ ಉಂಟು. ಅದನ್ನು ತೆಗ್ದುಕೋ, ಉಳಿದದ್ದನ್ನು ಒಲೆಗೆ ಹಾಕು. ನನಗೆ ಸಾಕಾಯ್ತು ಮಾರಾಯ" ಎಂದಿತು ಹಡಗು.

"ನಿನ್ನನ್ನು ಒಡೀಲಿಕ್ಕೆ ನನ್ನಿಂದ ಆಗುದಿಲ್ಲ" ಎಂದ ದೂಮಾಚಾರಿ.

"ಮಗಳನ್ನು ಮುಳುಗಿಸ್ಲಿಕ್ಕೆ ಆಗ್ತದಾ?" ಎಂದಿತು ಹಡಗು.

ಅವನು ಉಳಿದ ಐದು ಹಡಗುಗಳಿಗೂ ಕಿವಿಯಿಟ್ಟ. ಎಲ್ಲವೂ ಅದೇ ಮಾತು ಹೇಳಿದವು. ಆರರ ಗಟ್ಟಿ ಮರವನ್ನೆಲ್ಲ ಕೂಡಿಸಿದರೆ ಮೂರು ಹಡಗಿಗಾಗುವಷ್ಟಿತ್ತು, ನಾಲ್ಕನೆಯದಕ್ಕೆ ಒಂದು ಹಲಗೆಯೂ ಇರಲಿಲ್ಲ. ಹಡಗಿಗಾಗುವಂಥ ಬಲಿತ ಮಾತಾಡುವ ಮರ ಕಾಡಿನಲ್ಲೂ ಈಗ ಉಳಿದಿರಲಿಲ್ಲ.

ಮರುದಿನ ಅವನು ಸಭೆಗೆ ಹೋಗಿ, "ಒಡೆಯಾ, ಆರನ್ನೂ ಒಡೆದು ಮೂರು ಕಟ್ಟುವ" ಎಂದ.

ಸಭೆಗೆ ಸಿಡಿಲು ಬಡಿದ ಹಾಗಾಯಿತು. ಅರಮನೆಯ ಗೌರವವೇನಾಗಬೇಕು ಎಂದ ಮಂತ್ರಿ. ಮೂರು ಹಡಗಿನ ದಳವಾಯಿ ಎಂದರೆ ನೆಂಟರು ನಗುವುದಿಲ್ಲವೆ ಎಂದು ದಳವಾಯಿ ಮನಸ್ಸಿನಲ್ಲೇ ಅಂದುಕೊಂಡ. ಶಾನುಭೋಗನಂತೂ ಶಾಸನದ ಪ್ರತಿ ಬಿಚ್ಚಿ, ಏಳು ಎಂದು ಬರೆದಲ್ಲಿ ಬೆರಳಿಟ್ಟು ತೋರಿಸಿದ.

"ಏಳನ್ನು ಮೂರಕ್ಕಿಳಿಸಿದ ಅರಸ ಎಂದು ನನ್ನ ಹೆಸರು ಉಳಿಯುತ್ತದೆ, ಆಚಾರಿ. ಇಷ್ಟು ವರ್ಷ ಆದೀತು ಎಂದವನು ನೀನೇ ಅಲ್ಲವೆ?" ಎಂದ ಅರಸ.

"ಹೌದು ಒಡೆಯಾ, ನಾನೇ. ಇವರನ್ನು ಬೈದು ಪ್ರಯೋಜನ ಇಲ್ಲ. ನನ್ನ ಕೈ ಒಳ್ಳೇದು ಅಂತ ನನಗೆ ಜಂಬ ಇತ್ತು. ನಾನು ತೇಪೆ ಹಾಕಿದೆ, ನೀವು ನಿರ್ಧಾರ ಮುಂದೆ ಹಾಕಿದಿರಿ. ನಾನು ಒಂದು ವರ್ಷ ಆಗುದಿಲ್ಲ ಅಂದಿದ್ರೆ ನೀವು ಅವತ್ತೇ ಕಾಡಿಗೆ ಮರ ನೋಡ್ಲಿಕ್ಕೆ ಹೋಗ್ತಿದ್ರಿ. ಸತ್ತವರೆಲ್ಲ ನನ್ನ ಮಾತು ನಂಬಿ ಹಡಗು ಹತ್ತಿದವರು."

"ಆದೀತು ಎನ್ನು ಎಂದು ನಾನು ಆಜ್ಞೆ ಮಾಡಿದರೆ?"

"ಮಾಡಿ. ತಲೆ ತೆಗೀರಿ. ಆ ಮಾತು ಮಾತ್ರ ಇನ್ನು ಈ ಬಾಯಿಂದ ಬರುದಿಲ್ಲ."

ಅರಸ ಕೆಟ್ಟವನಲ್ಲ. ಅವನೂ ಇಪ್ಪತ್ತೆರಡು ವರ್ಷಗಳಿಂದ ಆ ಸಭೆಯಲ್ಲಿ ಕೂತು ದಣಿದಿದ್ದ. "ಅಳಿವೆಗಳು ಏಳಿವೆ. ಮೂರು ಹಡಗು ಮೂರನ್ನು ಕಾಯುತ್ತವೆ. ಉಳಿದ ನಾಲ್ಕು ಊರುಗಳು?" ಎಂದು ಕೇಳಿದ.

"ಅಲ್ಲಿಯವರು ಮನೆ ಬಿಟ್ಟು ಗುಡ್ಡ ಹತ್ತಬೇಕು. ಮನೆಗಳು ಉಳಿಯುದಿಲ್ಲ ಒಡೆಯಾ. ಅದನ್ನು ಡಂಗುರದವನ ಹತ್ರ ಹೇಳಿಸಬೇಡಿ. ನೀವೇ ಹೋಗಿ ಹೇಳಿ."

ಅರಸ ನಾಲ್ಕೂ ಊರಿಗೆ ನಡೆದೇ ಹೋದ. ಮೊದಲ ಊರಿನವರು ಅತ್ತರು. ಎರಡನೆಯ ಊರಿನವರು ಬೈದರು. ಮೂರನೆಯ ಊರಿನಲ್ಲಿ ಒಬ್ಬ ಮುದುಕಿ ಅವನ ಕಾಲಿಗೆ ಮಣ್ಣು ತೂರಿದಳು. ನಾಲ್ಕನೆಯ ಊರಿನಲ್ಲಿ ಅವನೂ ಅವರ ಜೊತೆ ಕೂತು ಅತ್ತ. ಆಮೇಲೆ ಅವರೆಲ್ಲ ಪಾತ್ರೆ ಪಡಗ ಹೊತ್ತು, ದನಕರು ಹೊಡೆದುಕೊಂಡು ಗುಡ್ಡ ಹತ್ತಿದರು.

ಇತ್ತ ಹಡಗುಕಟ್ಟೆಯಲ್ಲಿ ಒಡೆಯುವ ಕೆಲಸ ಶುರುವಾಯಿತು. ಕಟ್ಟುವುದಕ್ಕಿಂತ ಒಡೆಯುವುದು ಸುಲಭ ಎನ್ನುವವರು ಪ್ರೀತಿಸಿದ್ದನ್ನು ಒಡೆದವರಲ್ಲ. ದೂಮಾಚಾರಿ ತನ್ನ ಮೂವತ್ತನಾಲ್ಕು ವರ್ಷದ ತೇಪೆಗಳನ್ನೆಲ್ಲ ತಾನೇ ಕಿತ್ತ. ಗಂಗವ್ವನನ್ನು ಕೊನೆಗಿಟ್ಟುಕೊಂಡಿದ್ದ. ಕೊನೆಯ ಹಲಗೆ ಬಿಚ್ಚುವಾಗ ಕಿವಿಯಿಟ್ಟ. "ಈಗ ಹಗುರಾಯ್ತು" ಎಂದಿತು ಅದು. ಅವನು ಆ ಹಲಗೆಯನ್ನು ತಬ್ಬಿಕೊಂಡು, ತನ್ನ ಹೆಂಡತಿ ಹೋದಾಗ ಅತ್ತದ್ದಕ್ಕಿಂತಲೂ ಜೋರಾಗಿ ಅತ್ತ. ಮುಖ ತೊಳೆದುಕೊಂಡು ಬಂದು ಹೊಸ ಹಡಗಿನ ಬೆನ್ನುಮರ ಇಟ್ಟ.

ಎಂಟು ತಿಂಗಳಲ್ಲಿ ಮೂರು ಹಡಗುಗಳಾದವು. ಒಂದರಲ್ಲೂ ತೇಪೆಯಿರಲಿಲ್ಲ. ಒಂದೊಂದರ ಮೇಲೂ ಒಂದೊಂದು ಯಾಳಿ ಕೂತಿತು. ಮಳೆಗಾಲ ಮುಗಿದು ಕಡಲು ತೆರೆಯಿತು. ದೂಮಾಚಾರಿ ಬೆನ್ನುಮರಗಳಿಗೆ ಮೂರು ಮೂರು ಪೆಟ್ಟು ಹೊಡೆದ. "ಇದು ಆಗ್ತದೆ" ಎಂದ. ಲಂಗರುಗಳು ಮೇಲೆದ್ದವು. ಅಕ್ಕಣಿ ಮೊದಲ ಹಡಗಿನಲ್ಲಿ ಹೋದಳು.

ಸುದ್ದಿ ಕೇಳಿ ಉಪ್ಪುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಳಿದ್ದಾಗಲೇ ಅಳುತ್ತಿದ್ದರು, ಈಗ ಮೂರಂತೆ!" ಎಂದು ನೂರ್ಬಾಯಿಯನ್ನು ಬಿಟ್ಟ. ಅದು ಮೊದಲು ಕಾವಲಿಲ್ಲದ ನಾಲ್ಕು ಅಳಿವೆಗಳಿಗೆ ನುಗ್ಗಿ ನಾಲ್ಕು ಊರುಗಳ ಮನೆಗಳನ್ನು ನುಂಗಿತು. ಜನ ಗುಡ್ಡದ ಮೇಲೆ ನಿಂತು ತಮ್ಮ ಮನೆ ಹೋಗುವುದನ್ನು ನೋಡಿದರು. ಮನುಷ್ಯರೊಬ್ಬರೂ ಸಿಗದೆ ಅದು ಹಸಿದು ಹಡಗುಗಳತ್ತ ತಿರುಗಿತು.

ಅಕ್ಕಣಿಯ ಹಡಗಿನ ಮೈಯನ್ನು ಅದು ಮೇಲಿಂದ ಕೆಳಗೆ ತಡವಿತು. ಹಲ್ಲೂರಲು ಒಂದು ಸಂದಿಯಿಲ್ಲ. ಒಂದು ಬಾಯಿ ಜಾರಿತು, ಎರಡು ಜಾರಿದವು, ತೊಂಬತ್ತೇಳೂ ಜಾರಿದವು. ಆಗ ಅಕ್ಕಣಿ ಯಾಳಿಯ ಕಿವಿ ಹಿಂಡಿದಳು. ಯಾಳಿ ಗರ್ಜಿಸಿತು. ಹಡಗು ಒಮ್ಮೆ ನರಳಿತು, ಆದರೆ ಬಾಗಲಿಲ್ಲ. ಎರಡನೆಯ ಹಡಗಿನ ಯಾಳಿ ಗರ್ಜಿಸಿತು, ಮೂರನೆಯದೂ ಗರ್ಜಿಸಿತು. ಸಂಜೆಯ ಹೊತ್ತಿಗೆ ನೂರ್ಬಾಯಿಯ ಬಾಯಿಗಳೆಲ್ಲ ಮುಚ್ಚಿದವು.

ಈ ಮಾಂತ್ರಿಕರಿಗೆ ತಮ್ಮ ಪ್ರಾಣವನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವ ಬುದ್ಧಿ ಯಾವತ್ತೂ ಇಲ್ಲ. ಉಪ್ಪುಗಣ್ಣ ತನ್ನದನ್ನು ನೂರ್ಬಾಯಿಯ ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದ. ಅದು ಸತ್ತೊಡನೆ ಅವನು ಕೂತಲ್ಲೇ ಉಪ್ಪಿನ ಹೆಂಟೆಯಾದ. ಮುಂದಿನ ಅಲೆ ಬಂದು ಅವನನ್ನು ಕರಗಿಸಿಕೊಂಡು ಹೋಯಿತು.

ಅಕ್ಕಣಿ ದಡಕ್ಕಿಳಿದಾಗ ದೂಮಾಚಾರಿ ಅವಳ ಎರಡೂ ಕೈ ಹಿಡಿದು, ಉಳಿದ ಎಂಟು ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಅರಸ ಸಂತೋಷದಿಂದ, "ಈ ಮೂರು ಹಡಗುಗಳು ಸೂರ್ಯಚಂದ್ರರಿರುವ ತನಕ ಇರಲಿ" ಎಂದು ಶಾಸನ ಕೆತ್ತಿಸಲು ಹೊರಟ.

"ಬೇಡ ಒಡೆಯಾ, ಮೂವತ್ತು ವರ್ಷ ಅಂತ ಕೆತ್ತಿಸಿ. ಆಮೇಲೆ ಒಡೀಬೇಕು ಅಂತ. ಹಡಗಿನ ಮೂಗಿನ ಮೇಲೆಯೇ, ಎಲ್ರಿಗೂ ಕಾಣುವ ಹಾಗೆ" ಎಂದ ದೂಮಾಚಾರಿ. ಹುಟ್ಟಿದ ಕೂಸಿನ ಹಣೆಗೆ ಸಾವಿನ ದಿನ ಬರೆಯುತ್ತಾರೆಯೆ ಎಂದು ಜನ ಕೆನ್ನೆ ಬಡಿದುಕೊಂಡರು. ಅವನು ಹಟ ಬಿಡಲಿಲ್ಲ. ಗುಡ್ಡದ ಮೇಲಿದ್ದ ನಾಲ್ಕು ಊರಿನವರ ಕೈಯಲ್ಲಿ ಮಾತಾಡುವ ಮರದ ಸಸಿ ನೆಡಿಸಿದ. ಅರಸ ಅವರಿಗೆ ಹೊಸ ಮನೆ ಕಟ್ಟಿಸಿಕೊಟ್ಟ. ಆಮೇಲೆ ದೂಮಾಚಾರಿ ಮನೆಗೆ ಹೋಗಿ ಎರಡು ದಿನ ಎಚ್ಚರವಿಲ್ಲದೆ ನಿದ್ದೆ ಮಾಡಿದ.

ತೆರೆನಾಡಿನವರು ಸುಖವಾಗಿ ಬಾಳಿದರು. ಮೀನು ಬಂತು, ಮಳೆ ಬಂತು, ಮದುವೆ ಮುಂಜಿಗಳಾದವು. ದೂಮಾಚಾರಿ ತುಂಬು ವಯಸ್ಸಿನಲ್ಲಿ ಹಾಸಿಗೆಯಲ್ಲೇ ತೀರಿಕೊಂಡ.

ಮೂವತ್ತನೆಯ ವರ್ಷ ಬಂತು. ಗುಡ್ಡದ ಮೇಲೆ ನೆಟ್ಟ ಸಸಿಗಳು ಹಡಗಿಗಾಗುವಷ್ಟು ಬೆಳೆದು ನಿಂತಿದ್ದವು. ಮೂರು ಹಡಗುಗಳೂ ಇನ್ನೂ ನೋಡಲು ಗಟ್ಟಿಯಾಗಿದ್ದವು. ಹೊಸ ಅರಸನ ಹೊಸ ಮಂತ್ರಿ, "ಇನ್ನೊಂದು ವರ್ಷ ಇರಲಿ, ಚೆನ್ನಾಗಿಯೇ ಇವೆಯಲ್ಲ" ಎಂದ. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಆಗ ಅರವತ್ತು ದಾಟಿದ ಅಕ್ಕಣಿ ಎದ್ದು ಹೋಗಿ, ತಾನು ನಡೆಸಿದ ಹಡಗಿನ ಪಕ್ಕೆಗೆ ಕೆನ್ನೆಯಿಟ್ಟು ಒಂದು ಗಳಿಗೆ ನಿಂತಳು. ಅದು ಏನೆಂದಿತೋ ಅವಳು ಯಾರಿಗೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂರು ಬೆರಳಿನ ಎಡಗೈಯನ್ನೂ ಸೇರಿಸಿ ಕೊಡಲಿ ಎತ್ತಿ, ಮೊದಲ ಪೆಟ್ಟು ತಾನೇ ಹಾಕಿದಳು.